ಕಜ್ಜಿ ರೋಗ ಗುರುತಿಸೋದನ್ನು ಕಂಪ್ಯೂಟರ್‌ಗೆ ನೀವೇ ಕಲಿಸಿ ನೋಡಿ

ಎಲೆಯ ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ ರೋಗದ ಹೆಸರು ಬರುತ್ತದೆ. ಅದನ್ನು ನಂಬಿ ಔಷಧಿ ಅಂಗಡಿಗೆ ಹೋಗುವ ಮೊದಲು, ಆ ಹೆಸರು ಎಲ್ಲಿಂದ ಬಂತು ಅಂತ ತಿಳಿದಿರಬೇಕು. ಯಾರೋ ಮೊದಲು ತೋರಿಸಿದ ಫೋಟೊಗಳ ಜೊತೆ ಹೋಲಿಸಿ ಅದು ಹೇಳುತ್ತದೆ, ಅಷ್ಟೇ.

ಇದಕ್ಕೆ ಕಂಪ್ಯೂಟರ್ ವಿಷನ್ ಅಂತಾರೆ. ಇದನ್ನು ಕಲಿಯುವವರು ಅಭ್ಯಾಸಕ್ಕೆ ಬಹಳ ಬಳಸುವ ಫೋಟೊ ಸಂಗ್ರಹ ‘ಪ್ಲಾಂಟ್‌ವಿಲೇಜ್’. 14 ಬೆಳೆ, 26 ರೋಗ, 54,306 ಫೋಟೊ. 2016ರ ಅಧ್ಯಯನವೊಂದರಲ್ಲಿ ಇದರಿಂದ ಕಲಿತ ಕಂಪ್ಯೂಟರ್, ಅದೇ ಸಂಗ್ರಹದ ಫೋಟೊಗಳಲ್ಲಿ ಶೇ 99ರಷ್ಟು ಸರಿ ಹೇಳಿತು. ಬೇರೆ ಕಡೆ ತೆಗೆದ ಫೋಟೊ ಕೊಟ್ಟಾಗ ಸುಮಾರು ಶೇ 31ಕ್ಕೆ ಇಳಿಯಿತು! ಎಲೆ ಕಿತ್ತು ಸಾದಾ ಹಿನ್ನೆಲೆಯ ಮೇಲಿಟ್ಟು ತೆಗೆದ ಫೋಟೊಗಳವು; ಹೊಲದ ಬಿಸಿಲು, ನೆರಳು, ಧೂಳು ಅದರಲ್ಲಿಲ್ಲ. ನಮ್ಮ ತೊಗರಿ ಇಲ್ಲ, ಜೋಳ ಇಲ್ಲ, ಲಿಂಬೆ ಇಲ್ಲ. ದ್ರಾಕ್ಷಿ ಇದೆ, ಆದರೆ ನಮ್ಮನ್ನು ಕಾಡುವ ಡೌನಿ ಮಿಲ್ಡ್ಯೂ ಇಲ್ಲ.

ಹಾಗಾಗಿ ದೇವಣಗಾಂವ, ಇಂಡಿ, ಸಿಂದಗಿ ಕಡೆಯವರಿಗೆ ಒಂದು ಮನೆಗೆಲಸ. ಗೂಗಲ್‌ನ ‘ಟೀಚೇಬಲ್ ಮಷೀನ್’ ಉಚಿತ, ಕೋಡಿಂಗ್ ಬೇಕಿಲ್ಲ. ಫೋಟೊ ಮೊಬೈಲ್‌ನಲ್ಲಿ ತೆಗೆಯಿರಿ, ಕಲಿಸೋದಕ್ಕೆ ಲ್ಯಾಪ್‌ಟಾಪ್ ಇದ್ದರೆ ಸಲೀಸು.

ಲಿಂಬೆಯಿಂದಲೇ ಶುರು ಮಾಡಿ. ಕಜ್ಜಿ ರೋಗ, ಎಲೆ ಸುರಂಗ ಹುಳ, ಆರೋಗ್ಯವಾದ ಎಲೆ ಅಂತ ಮೂರು ಗುಂಪು. ಕಜ್ಜಿಯಲ್ಲಿ ಎಲೆಯ ಎರಡೂ ಬದಿಗೆ ಉಬ್ಬಿದ ಕಂದು ಚುಕ್ಕೆ, ಸುತ್ತ ಹಳದಿ ಬಳೆ. ಸುರಂಗ ಹುಳ ಬಿದ್ದರೆ ಅಂಕುಡೊಂಕಾದ ಬೆಳ್ಳಿ ಗೆರೆ. ಹುಳ ಮಾಡಿದ ಗಾಯದಿಂದಲೇ ಕಜ್ಜಿಯ ಬ್ಯಾಕ್ಟೀರಿಯಾ ಒಳಗೆ ಹೋಗುವುದುಂಟು, ಎರಡೂ ಇರುವ ಎಲೆ ಸಿಕ್ಕರೆ ಸದ್ಯಕ್ಕೆ ಪಕ್ಕಕ್ಕಿಡಿ. ಅನುಮಾನ ಬಂದ ಎಲೆಯನ್ನು ಇಂಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ. ನೀವು ತಪ್ಪು ಹೆಸರು ಕೊಟ್ಟರೆ ಕಂಪ್ಯೂಟರ್ ಅದನ್ನೇ ಶ್ರದ್ಧೆಯಿಂದ ಕಲಿಯುತ್ತದೆ ನೋಡ್ರಿ.

ಗುಂಪಿಗೆ 60 ಫೋಟೊ ಸಾಕು. ಎಲೆ ಚೌಕಟ್ಟು ತುಂಬಲಿ, ಯಾಕಂದ್ರೆ ಈ ತಂತ್ರಾಂಶ ಪ್ರತಿ ಫೋಟೊವನ್ನು 224 ಪಿಕ್ಸೆಲ್ ಚೌಕಕ್ಕೆ ಇಳಿಸುತ್ತದೆ. ದೂರದಿಂದ ತೆಗೆದರೆ ಚುಕ್ಕೆಯೇ ಮಾಯ. ಇನ್ನೊಂದು ಮೋಸವಿದೆ. ರೋಗದ ಎಲೆಗಳನ್ನೆಲ್ಲ ಅಂಗೈ ಮೇಲೆ, ಒಳ್ಳೆಯ ಎಲೆಗಳನ್ನೆಲ್ಲ ಗಿಡದ ಮೇಲೆ ತೆಗೆದಿರಿ ಅನ್ನಿ. ಅದು ಕಲಿಯೋದು ಅಂಗೈ ಗುರುತಿಸೋದನ್ನ! ಎಲ್ಲ ಗುಂಪಿಗೂ ಎರಡೂ ಥರ, ಬೆಳಿಗ್ಗೆ-ಮಧ್ಯಾಹ್ನ ಎರಡೂ ಬೆಳಕಿನಲ್ಲಿ ತೆಗೆಯಿರಿ.

ಪರೀಕ್ಷೆಗೆ ಬೇರೆಯವರ ತೋಟದಿಂದ ಗುಂಪಿಗೆ 20 ಹೊಸ ಫೋಟೊ ತನ್ನಿ. ಕಲಿಸಿದ ಗಿಡದ ಎಲೆಯನ್ನೇ ತೋರಿಸಿದರೆ ಪಾಸಾಗೋದು ಖಾತ್ರಿ, ಅದಕ್ಕೆ ಬೆಲೆಯಿಲ್ಲ. ಒಟ್ಟು ಎಷ್ಟು ಸರಿ ಅನ್ನೋದಕ್ಕಿಂತ, 20 ಕಜ್ಜಿ ಎಲೆಗಳಲ್ಲಿ ಎಷ್ಟನ್ನು ‘ಆರೋಗ್ಯ’ ಅಂದಿತು ಅಂತ ಬರೆದಿಡಿ. ಕಜ್ಜಿ ಗಾಳಿ-ಮಳೆಯ ಹನಿಯ ಜೊತೆ ಗಿಡದಿಂದ ಗಿಡಕ್ಕೆ ಹಾರುತ್ತದೆ; ಮಳೆಗಾಲದಲ್ಲಿ ಆ ತಪ್ಪು ತೋಟಕ್ಕೇ ದುಬಾರಿ. ಹುಳದ ಗೆರೆಯನ್ನು ಕಜ್ಜಿ ಅಂದರೆ ನಷ್ಟ ಒಂದು ಸಿಂಪರಣೆಯದ್ದು.

ಕೊನೆಗೆ ಒಂದು ಬೇವಿನ ಎಲೆ ತೋರಿಸಿ. ‘ಕಜ್ಜಿ, ಶೇ 95’ ಅಂದರೂ ಅನ್ನಬಹುದು. ‘ಗೊತ್ತಿಲ್ಲ’ ಅನ್ನೋದನ್ನು ನೀವು ಅದಕ್ಕೆ ಕಲಿಸಿಲ್ಲವಲ್ಲ. ಬೇವು, ತೊಗರಿ, ಬರೀ ಮಣ್ಣು ಸೇರಿಸಿ ‘ಬೇರೆ’ ಅನ್ನುವ ನಾಲ್ಕನೇ ಗುಂಪು ಮಾಡಿ, ಮತ್ತೆ ಕಲಿಸಿ, ಅದೇ ಫೋಟೊಗಳಿಂದ ಪರೀಕ್ಷಿಸಿ ಎರಡೂ ಲೆಕ್ಕ ಹೋಲಿಸಿ.