ಹಳೆಯ ಮೋಟರ್‌ಹೋಮ್‌ನಲ್ಲಿ ಪದೇ ಪದೇ ಫ್ಯೂಸ್ ಹೋಗುತ್ತಿದೆಯೇ? ಬಿಲ್ಲು ಕಟ್ಟುವ ಮುಂಚೆ ಇಷ್ಟು ನೋಡಿ

ಅಮೆರಿಕದಲ್ಲಿ ಹದಿನೈದು ಇಪ್ಪತ್ತು ವರ್ಷ ಹಳೆಯ ಮೋಟರ್‌ಹೋಮ್ ಕೊಳ್ಳುವವರು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದು ಗಾಡಿಯ ಬೆಲೆ, ಇನ್ಶೂರೆನ್ಸ್, ಗ್ಯಾಸ್ ಮತ್ತು ಚಳಿಗಾಲದಲ್ಲಿ ನಿಲ್ಲಿಸಲು ಕೊಡುವ ಬಾಡಿಗೆ. ಬಿಟ್ಟುಹೋಗುವುದು ವೈರಿಂಗ್. ಗಾಡಿ ಅಗ್ಗಕ್ಕೆ ಸಿಕ್ಕಿತು ಅನ್ನುವ ಖುಷಿಯನ್ನು ಮೊದಲ ಪ್ರವಾಸದಲ್ಲೇ ತಿಂದುಹಾಕುವುದೂ ಅದೇ.

ಇಲ್ಲಿ ದುಬಾರಿ ಆಗುವುದು ಬಿಡಿಭಾಗವಲ್ಲ, ದೋಷ ಹುಡುಕುವ ಸಮಯ. ಉದಾಹರಣೆಗೆ, ಮೆಕ್ಯಾನಿಕ್ ಗಂಟೆಗೆ 150 ಡಾಲರ್ ತೆಗೆದುಕೊಳ್ಳುತ್ತಾನೆ ಅಂದುಕೊಳ್ಳಿ. ಶಾರ್ಟ್ ಎಲ್ಲಿದೆ ಎಂದು ನಾಲ್ಕು ಗಂಟೆ ಹುಡುಕಿದರೆ 600 ಡಾಲರ್. ಬದಲಾಯಿಸಿದ ಫ್ಯೂಸಿಗೆ ಒಂದು ಡಾಲರೂ ಇಲ್ಲ. ದೋಷ ಯಾವ ಸರ್ಕ್ಯೂಟ್‌ನಲ್ಲಿದೆ ಎಂದು ನೀವೇ ಗುರುತಿಸಿಕೊಟ್ಟರೆ ಅದೇ ಕೆಲಸ ಒಂದು ಗಂಟೆಯಲ್ಲಿ ಮುಗಿಯಬಹುದು. ಅದಕ್ಕೆ ಬೇಕಾದದ್ದು 25–30 ಡಾಲರ್‌ನ ಮಲ್ಟಿಮೀಟರ್ ಮತ್ತು ಸ್ವಲ್ಪ ತಾಳ್ಮೆ.

ಮೊದಲು: ಯಾವ ವ್ಯವಸ್ಥೆ?

ಮೋಟರ್‌ಹೋಮ್‌ನಲ್ಲಿ ಮೂರು ವಿದ್ಯುತ್ ವ್ಯವಸ್ಥೆಗಳಿವೆ. ಎಂಜಿನ್, ಹೆಡ್‌ಲೈಟ್, ವೈಪರ್‌ಗಳದ್ದು ಗಾಡಿಯ 12 ವೋಲ್ಟ್. ಒಳಗಿನ ದೀಪ, ನೀರಿನ ಪಂಪ್, ಫ್ಯಾನ್‌ಗಳಿಗೆ ಬೇರೆಯದೇ ಬ್ಯಾಟರಿಯಿಂದ ಬರುವ ಮನೆ ಭಾಗದ 12 ವೋಲ್ಟ್. ಎಸಿ, ಮೈಕ್ರೋವೇವ್, ಗೋಡೆಯ ಪ್ಲಗ್‌ಗಳಿಗೆ ಕ್ಯಾಂಪ್‌ಗ್ರೌಂಡ್ ಕಂಬದಿಂದ ಅಥವಾ ಜನರೇಟರ್‌ನಿಂದ ಬರುವ 120 ವೋಲ್ಟ್. ಯಾವುದು ಕೆಲಸ ಮಾಡುತ್ತಿಲ್ಲ ಎಂದು ಪಟ್ಟಿ ಮಾಡಿದರೆ ಯಾವ ವ್ಯವಸ್ಥೆಯ ತೊಂದರೆ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಕೆಲವೊಮ್ಮೆ ದೋಷವೇ ಇರುವುದಿಲ್ಲ. 30 ಆಂಪ್ ಸಂಪರ್ಕದಲ್ಲಿ ಸಿಗುವುದು 3,600 ವ್ಯಾಟ್. ಎಸಿ 1,500, ಮೈಕ್ರೋವೇವ್ 1,500, ಎಲೆಕ್ಟ್ರಿಕ್ ಪ್ರೆಶರ್ ಕುಕ್ಕರ್ 1,000 ಒಟ್ಟಿಗೆ ಹಾಕಿದರೆ 4,000 ಆಯಿತು, ಬ್ರೇಕರ್ ಬೀಳಬಹುದು. ಪ್ಲಗ್‌ಗಳಲ್ಲಿ ಮಾತ್ರ ಕರೆಂಟ್ ಇಲ್ಲದಿದ್ದರೆ ಬಾತ್‌ರೂಮಿನ ಜಿಎಫ್‌ಸಿಐ ಪ್ಲಗ್‌ನ ರೀಸೆಟ್ ಬಟನ್ ಒತ್ತಿ ನೋಡಿ. ಅಡುಗೆಮನೆಯ ಮತ್ತು ಹೊರಗಿನ ಪ್ಲಗ್‌ಗಳನ್ನು ಹಲವು ಗಾಡಿಗಳಲ್ಲಿ ಅದಕ್ಕೇ ಜೋಡಿಸಿರುತ್ತಾರೆ.

ಬ್ಯಾಟರಿ ಹೇಳುವ ಕಥೆ

ಎಲ್ಲವನ್ನೂ ಆಫ್ ಮಾಡಿ ಮನೆ ಭಾಗದ ಬ್ಯಾಟರಿ ಅಳೆಯಿರಿ. ಮಾಮೂಲಿ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ; 12.1ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಕಂಬಕ್ಕೆ ಕೇಬಲ್ ಸಿಕ್ಕಿಸಿದ ಮೇಲೆ ಅದು 13 ದಾಟಬೇಕು. ದಾಟದಿದ್ದರೆ 120 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಕಡೆ ಅನುಮಾನ. ಆದರೆ ನೂರಾರು ಡಾಲರ್ ಕೊಟ್ಟು ಹೊಸ ಕನ್ವರ್ಟರ್ ತರುವ ಮುಂಚೆ ಅದರ ರಿವರ್ಸ್ ಪೊಲಾರಿಟಿ ಫ್ಯೂಸ್‌ಗಳನ್ನು ನೋಡಿ. ಬ್ಯಾಟರಿಯನ್ನು ಕ್ಷಣ ಮಾತ್ರ ಉಲ್ಟಾ ಜೋಡಿಸಿದ್ದರೂ ಅವು ಹೋಗುತ್ತವೆ.

ಫ್ಯೂಸ್ ಹೇಗೆ ಹೋಯಿತು?

ಹೊಸ ಫ್ಯೂಸ್ ಹಾಕಿದ ಕ್ಷಣವೇ ಹೋದರೆ ಶಾರ್ಟ್: ಪಾಸಿಟಿವ್ ವೈರ್ ಎಲ್ಲೋ ಸವೆದು ಲೋಹಕ್ಕೆ ತಾಗಿದೆ. ಸ್ವಲ್ಪ ಹೊತ್ತು ಓಡಿ ಹೋದರೆ ಭಾರ ಹೆಚ್ಚಾಗಿದೆ, ಅಥವಾ ಪಂಪ್‌ನಂಥ ಮೋಟರ್ ಬಿಗಿಯಾಗಿದೆ. ಗಾಡಿ ಕುಲುಕಿದಾಗ ಮಾತ್ರ ಹೋದರೆ ಎಲ್ಲೋ ವೈರ್ ಅಲುಗಾಡುತ್ತಿದೆ.

ಶಾರ್ಟ್ ಹುಡುಕಲು ಡಜನ್‌ಗಟ್ಟಲೆ ಫ್ಯೂಸ್ ಸುಡಬೇಕಿಲ್ಲ. ಫ್ಯೂಸ್ ಜಾಗಕ್ಕೆ ಕಾರಿನ ಬ್ರೇಕ್ ಲೈಟಿನ ಹಳೆಯ ಮಾದರಿಯ 12 ವೋಲ್ಟ್ ಬಲ್ಬ್ ಜೋಡಿಸಿ (ಎಲ್‌ಇಡಿ ಬೇಡ). ಶಾರ್ಟ್ ಇರುವವರೆಗೂ ಅದು ಜೋರಾಗಿ ಉರಿಯುತ್ತದೆ. ಆ ಸರ್ಕ್ಯೂಟ್‌ನ ಉಪಕರಣಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಬಲ್ಬ್ ಮಂಕಾಗುತ್ತದೋ ಅಥವಾ ಆರುತ್ತದೋ, ತಪ್ಪು ಆ ದಾರಿಯಲ್ಲಿದೆ. ಎಲ್ಲ ಬಿಚ್ಚಿದರೂ ಉರಿದರೆ ದೋಷ ವೈರ್‌ನಲ್ಲೇ ಇದೆ. ಬಲ್ಬ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್‌ನಿಂದ ದೂರವಿಡಿ. ಇದು 12 ವೋಲ್ಟ್‌ಗೆ ಮಾತ್ರ.

ಹಳೆಯ ಗಾಡಿಯಲ್ಲಿ ಮೊದಲು ನೋಡಬೇಕಾದ ಜಾಗಗಳು: ಹಿಂದಿನ ಟ್ರೇಲರ್ ಕನೆಕ್ಟರ್, ನೀರು ಸೋರುವ ಚಾವಣಿ ಅಂಚಿನ ದೀಪಗಳು, ಬಾಗಿಲ ಮೆಟ್ಟಿಲಿನ ಮೋಟರ್, ಸ್ಲೈಡ್‌ಔಟ್ ಕೆಳಗಿನ ವೈರ್‌ಗಳು ಮತ್ತು ಹಿಂದಿನ ಮಾಲೀಕರು ತಾವೇ ಹಾಕಿಕೊಂಡ ರೇಡಿಯೊ, ಇನ್ವರ್ಟರ್. ಫ್ಯೂಸ್ ಸರಿಯಿದ್ದೂ ದೀಪ ಮಂಕಾಗಿದ್ದರೆ ತುಕ್ಕು ಹಿಡಿದ ಗ್ರೌಂಡ್ ಜೋಡಣೆಯನ್ನು ಉಜ್ಜಿ ಬಿಗಿ ಮಾಡಿ.

ಉಳಿತಾಯ ಮಾಡಬಾರದ ಜಾಗ

15 ಆಂಪ್‌ನ ನೀಲಿ ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು 30ರ ಹಸಿರು ಫ್ಯೂಸ್ ಹಾಕಬೇಡಿ. ಫ್ಯೂಸ್ ಇರುವುದು ವೈರ್ ಕಾಯಲು. ದೊಡ್ಡದು ಹಾಕಿದರೆ ಫ್ಯೂಸ್ ಬದಲು ಗೋಡೆಯೊಳಗಿನ ವೈರ್ ಸುಡುತ್ತದೆ. ಆಗ ಹೋಗುವುದು ದುಡ್ಡಷ್ಟೇ ಅಲ್ಲ. ಮಕ್ಕಳು ಮಲಗಿರುವ ಮನೆ ಅದು.

ವೈರ್ ಮುಟ್ಟುವ ಮುಂಚೆ ಕಂಬದ ಕೇಬಲ್ ಕಿತ್ತು, ಜನರೇಟರ್ ನಿಲ್ಲಿಸಿ, ಬ್ಯಾಟರಿ ಬಿಚ್ಚಿ. ಸೋಲಾರ್ ಪ್ಯಾನೆಲ್ ಇದ್ದರೆ ಅದನ್ನೂ. 120 ವೋಲ್ಟ್‌ನ ದೋಷವಾದರೆ ಅಥವಾ ಗಾಡಿಯ ಮೈ ಮುಟ್ಟಿದಾಗ ಜುಂ ಅಂದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಕೇಬಲ್ ಮುಟ್ಟದೆ ಕಂಬದ ಬ್ರೇಕರ್ ಆಫ್ ಮಾಡಿ, ತಿಳಿದವರನ್ನು ಕರೆಸಿ. ಈ ಖರ್ಚಿಗೆ ಚೌಕಾಸಿ ಬೇಡ.

ಕೊಳ್ಳುವ ಮುಂಚೆಯಾದರೆ

ಫ್ಯೂಸ್ ಪೆಟ್ಟಿಗೆ ತೆರೆದು ಪ್ರತಿ ಫ್ಯೂಸಿನ ಅಂಕಿಯನ್ನು ಮುಚ್ಚಳದ ಪಟ್ಟಿಯೊಂದಿಗೆ ಹೋಲಿಸಿ. ಬರೆದದ್ದು 10, ಹಾಕಿದ್ದು 25 ಎಂದಿದ್ದರೆ ಯಾರೋ ದೋಷ ಮುಚ್ಚಿಟ್ಟಿದ್ದಾರೆ. 12 ವೋಲ್ಟ್‌ನ ಉಪಕರಣಗಳನ್ನು ಬ್ಯಾಟರಿಯಲ್ಲಿ, 120 ವೋಲ್ಟ್‌ನವನ್ನು ಜನರೇಟರ್ ಮತ್ತು ಕಂಬದ ಕರೆಂಟ್ ಎರಡರಲ್ಲೂ ಓಡಿಸಿ ತೋರಿಸಲು ಹೇಳಿ. ಕೆಲಸ ಮಾಡದ್ದನ್ನು ಬರೆದುಕೊಂಡು ಬೆಲೆ ಮಾತಾಡುವಾಗ ಮುಂದಿಡಿ. ತೋರಿಸಲು ಒಪ್ಪದವರ ಗಾಡಿ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ.