ಗಾಲ್ಫ್ ಕೋಲಿನ ನಾಳೆ: ದೂರಕ್ಕಿಂತ ಅಳತೆಗೇ ಬೆಲೆ

ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಿರುವಾಗ ಯಾರಾದರೂ "ಹೊಸ ಡ್ರೈವರ್ ಹೇಗಿದ್ದಾನೆ?" ಎಂದು ಕೇಳಿದರೆ ಅದು ಕಾರಿನ ಮಾತು. "ಹೊಸ ಡ್ರೈವರ್ ಹೇಗಿದೆ?" ಎಂದು ಕೇಳಿದರೆ ಅದು ಗಾಲ್ಫಿನ ಮಾತು ಎಂದು ತಿಳಿಯಬೇಕು. ಒಂದು ಕಾಲಕ್ಕೆ ಮುಂಬಯಿ ಕನ್ನಡಿಗರಾದ ನಮಗೆ ಗಾಲ್ಫ್ ಎಂದರೆ ಚೆಂಬೂರಿನ ಗೋಡೆಯಾಚೆಯ ಹಸಿರು ಅಷ್ಟೇ ಆಗಿತ್ತು. ಈಗ ನಮ್ಮ ಹೋಟೇಲು ಉದ್ಯಮಿಗಳು, ಲೆಕ್ಕಪರಿಶೋಧಕರು, ಕಂಪೆನಿಗಳಲ್ಲಿ ಮೇಲಿನ ಹುದ್ದೆಗೇರಿದ ನಮ್ಮ ಮಕ್ಕಳು ರವಿವಾರ ಬೆಳಿಗ್ಗೆ ಚೀಲ ಹೊತ್ತು ಹೊರಡುವುದನ್ನು ಕಾಣುತ್ತೇವೆ. ನಿವೃತ್ತಿಯ ನಂತರ ಕಲಿಯತೊಡಗಿದವರೂ ಇದ್ದಾರೆ. ಆದ್ದರಿಂದ ಈ ಆಟದ ಸಲಕರಣೆ ಎತ್ತ ಸಾಗುತ್ತಿದೆ, ಅದಕ್ಕೆ ಎಷ್ಟು ಹಣ ಸುರಿಯಬೇಕು ಎಂಬುದು ನಮ್ಮ ಓದುಗರಿಗೂ ಸಂಬಂಧಿಸಿದ ವಿಷಯವೇ.

ಮೊದಲಿಗೆ ಒಂದು ಸ್ಪಷ್ಟನೆ. ಗಾಲ್ಫಿನಲ್ಲಿ 'ಕ್ಲಬ್' ಎಂದರೆ ಆಡುವ ಸಂಸ್ಥೆಯೂ ಹೌದು, ಹೊಡೆಯುವ ಕೋಲೂ ಹೌದು. ಇಲ್ಲಿ ಹೇಳುತ್ತಿರುವುದು ಕೋಲಿನ ಬಗ್ಗೆ. ಒಬ್ಬ ಆಟಗಾರ ಚೀಲದಲ್ಲಿ 14 ಕೋಲುಗಳನ್ನು ಒಯ್ಯಬಹುದು, ಅದಕ್ಕಿಂತ ಹೆಚ್ಚಿಗೆ ಅನುಮತಿ ಇಲ್ಲ. ದೂರ ಹೊಡೆಯಲು ಡ್ರೈವರ್, ನಡುವಿನ ದೂರಕ್ಕೆ ಐರನ್‌ಗಳು, ಗುಂಡಿಯ ಬಳಿ ಚೆಂಡನ್ನು ಉರುಳಿಸಲು ಪಟರ್.

ಪ್ರತಿ ವರ್ಷ ಜನವರಿ ಬಂತೆಂದರೆ ದೊಡ್ಡ ಕಂಪೆನಿಗಳು ಹೊಸ ಡ್ರೈವರ್ ಬಿಡುತ್ತವೆ. ಕಳೆದ ವರ್ಷದ್ದಕ್ಕಿಂತ ಇದು ಇಷ್ಟು ಗಜ ಹೆಚ್ಚು ದೂರ ಹೋಗುತ್ತದೆ ಎಂಬ ಜಾಹೀರಾತು ಜೊತೆಗೇ ಬರುತ್ತದೆ. ವರ್ಷಕ್ಕೆ 10 ಗಜದಂತೆ ಕೂಡಿಸುತ್ತ ಹೋದರೆ ಇಪ್ಪತ್ತು ವರ್ಷದಲ್ಲಿ 200 ಗಜ ಹೆಚ್ಚಬೇಕಿತ್ತು. ನಿಜವಾದ ಖಾತೆ ಬೇರೆಯೇ ಇದೆ. ಆಟದ ನಿಯಮ ರೂಪಿಸುವ ಆರ್ ಅಂಡ್ ಎ ಸಂಸ್ಥೆ ಬ್ರಿಟನ್ನಿನ ಹವ್ಯಾಸಿ ಪುರುಷ ಆಟಗಾರರ ಹೊಡೆತಗಳನ್ನು ಅಳೆಯುತ್ತ ಬಂದಿದೆ. 1996ರಲ್ಲಿ ಅವರ ಸರಾಸರಿ ಡ್ರೈವ್ ಸುಮಾರು 200 ಗಜ. 2019ರಲ್ಲಿ ಸುಮಾರು 216 ಗಜ. ಇಪ್ಪತ್ತಮೂರು ವರ್ಷಕ್ಕೆ ಗಳಿಸಿದ್ದು ಹದಿನಾರು ಗಜ! ಅಮೆರಿಕದ ವೃತ್ತಿಪರರು ಮಾತ್ರ 1980ರ ಸುಮಾರು 257 ಗಜದಿಂದ 2023ರಲ್ಲಿ ಹೆಚ್ಚುಕಡಿಮೆ 300 ಗಜಕ್ಕೆ ಏರಿದರು. ಅದಕ್ಕೆ ಕೋಲಿನ ಜೊತೆಗೆ ಚೆಂಡು, ವ್ಯಾಯಾಮಶಾಲೆ, ಎಳೆಯ ವಯಸ್ಸಿನ ತರಬೇತಿ ಎಲ್ಲವೂ ಕಾರಣ.

ಹಾಗೆಂದು ತಂತ್ರಜ್ಞಾನ ಏನೂ ಮಾಡಿಲ್ಲ ಎನ್ನುವಂತಿಲ್ಲ. ಹಿಂದೆ ಡ್ರೈವರ್‌ನ ತಲೆಯನ್ನು ಪರ್ಸಿಮನ್ ಎಂಬ ಗಟ್ಟಿ ಮರದಿಂದ ಕೆತ್ತುತ್ತಿದ್ದರು. 1979ರಲ್ಲಿ ಟೇಲರ್‌ಮೇಡ್ ಸ್ಥಾಪಕ ಗ್ಯಾರಿ ಆಡಮ್ಸ್ ಉಕ್ಕಿನ ತಲೆ ತಂದರು. 1991ರಲ್ಲಿ ಕ್ಯಾಲವೇ ಕಂಪೆನಿಯ 'ಬಿಗ್ ಬರ್ತಾ' ಬಂತು. ಮೊದಲ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರು ಅದು. 1995ರಲ್ಲಿ ಅದೇ ಕಂಪೆನಿ ಟೈಟೇನಿಯಂ ತಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಟೈಟೇನಿಯಂ ಹಗುರ, ಆದರೆ ಬಲು ಗಟ್ಟಿ. ಆದ್ದರಿಂದ ತೂಕ ಹೆಚ್ಚಿಸದೆ ತಲೆಯನ್ನು ದೊಡ್ಡದು ಮಾಡಬಹುದು, ಮುಖವನ್ನು ತೆಳ್ಳಗೆ ಮಾಡಬಹುದು. ತೆಳ್ಳಗಿನ ಮುಖ ಚೆಂಡು ತಾಗಿದಾಗ ಸ್ವಲ್ಪ ಬಾಗಿ ಸ್ಪ್ರಿಂಗಿನಂತೆ ಹಿಂದಕ್ಕೆ ಚಿಮ್ಮುತ್ತದೆ.

ಇಲ್ಲಿಗೇ ನಿಯಮದವರು ಬೇಲಿ ಹಾಕಿದರು. ತಲೆಯ ಗಾತ್ರ 460 ಘನ ಸೆಂಟಿಮೀಟರ್ ಮೀರಬಾರದು. ಸ್ಪ್ರಿಂಗಿನ ಗುಣಕ್ಕೂ ಮಿತಿ ಇದೆ, ಕೋಲಿನ ಉದ್ದಕ್ಕೂ ಮಿತಿ ಇದೆ. ಎಲ್ಲ ಕಂಪೆನಿಗಳೂ ಈ ಬೇಲಿಗೆ ಮೈ ಒರಗಿಸಿಕೊಂಡು ನಿಂತು ವರ್ಷಗಳೇ ಕಳೆದವು. ಆದ್ದರಿಂದ, ನಿಯಮ ಬದಲಾಗದ ಹೊರತು, ಚೆಂಡು ಮುಖದ ನಟ್ಟನಡುವೆ ತಾಗಿದಾಗ ಐದು ವರ್ಷ ಹಳೆಯ ಡ್ರೈವರ್‌ಗೂ ಹೊಸದಕ್ಕೂ ಇರುವ ದೂರದ ವ್ಯತ್ಯಾಸ ತೀರಾ ಕಡಿಮೆ.

ತಪ್ಪನ್ನು ಮನ್ನಿಸುವ ಕೋಲು

ಆದರೆ ನಮ್ಮಂಥವರು ಹೊಡೆದಾಗ ಚೆಂಡು ನಟ್ಟನಡುವೆ ತಾಗುವುದು ಎಷ್ಟು ಸಲ? ಅಸಲು ಪ್ರಗತಿ ಆಗಿರುವುದು ಇಲ್ಲಿ. ಹಿಂದೆ ಊರಲ್ಲಿ ಅಡ್ಡೆಯ ಮೇಲೆ ಎರಡು ಕೊಡ ತೂಗಿಸಿಕೊಂಡು ನೀರು ಹೊರುತ್ತಿದ್ದವರನ್ನು ನೆನಪಿಸಿಕೊಳ್ಳಿ. ಬರಿಯ ಅಡ್ಡೆಯನ್ನು ಮಗುವೂ ಗಿರ್ರನೆ ತಿರುಗಿಸಬಲ್ಲದು. ಎರಡೂ ತುದಿಗೆ ತುಂಬಿದ ಕೊಡ ತೂಗಿದ್ದರೆ ಅಷ್ಟು ಸುಲಭಕ್ಕೆ ತಿರುಗದು. ಕೋಲಿನ ತಲೆಯಲ್ಲೂ ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಸರಿಸಿದರೆ, ಚೆಂಡು ಓರೆಯಾಗಿ ತಾಗಿದರೂ ತಲೆ ಹೆಚ್ಚು ತಿರುಚಿಕೊಳ್ಳುವುದಿಲ್ಲ. ಚೆಂಡು ದಾರಿ ತಪ್ಪುವುದು ಕಡಿಮೆಯಾಗುತ್ತದೆ. ಪಿಂಗ್ ಕಂಪೆನಿ ಕಟ್ಟಿದ ಕಾರ್ಸ್ಟನ್ ಸೋಲ್‌ಹೈಮ್ ಎಂಬ ಇಂಜಿನಿಯರ್ 1959ರಲ್ಲೇ ಪಟರ್‌ನಲ್ಲಿ ಈ ಉಪಾಯ ಹೂಡಿದ್ದರು. ಚೆಂಡು ತಾಗಿದಾಗ ಬರುತ್ತಿದ್ದ ಸದ್ದೇ ಕಂಪೆನಿಯ ಹೆಸರಾಯಿತು. ಅಂಗಡಿಯವರು ಈ ಗುಣವನ್ನು 'ಫರ್‌ಗಿವ್‌ನೆಸ್' ಎನ್ನುತ್ತಾರೆ, ಅಂದರೆ ಕ್ಷಮಾಗುಣ. ಮನುಷ್ಯರಲ್ಲಿ ಅಪರೂಪವಾಗುತ್ತಿರುವುದನ್ನು ಲೋಹದಲ್ಲಿ ತುಂಬುತ್ತಿದ್ದಾರೆ ಎನ್ನೋಣ.

ಕಾರ್ಬನ್ ನಾರಿನ ಬಳಕೆಯೂ ಇದಕ್ಕಾಗಿಯೇ. 2022ರಲ್ಲಿ ಟೇಲರ್‌ಮೇಡ್ ಕಂಪೆನಿ 60 ಪದರಗಳ ಕಾರ್ಬನ್ ಮುಖದ 'ಸ್ಟೆಲ್ತ್' ಡ್ರೈವರ್ ತಂದಿತು. ಮುಖದಲ್ಲಿ ಉಳಿಸಿದ ಗ್ರಾಂಗಳನ್ನು ಹಿಂಬದಿಯ ಅಂಚಿಗೆ ಸೇರಿಸಬಹುದು. ಕ್ಯಾಲವೇ 2019ರ 'ಎಪಿಕ್ ಫ್ಲ್ಯಾಶ್' ಡ್ರೈವರ್‌ನ ಮುಖವನ್ನು ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಗೇ ವಹಿಸಿತ್ತು. 15,000 ಮಾದರಿಗಳನ್ನು ಪರೀಕ್ಷಿಸಿ ಒಂದನ್ನು ಆರಿಸಿದೆವು ಎಂದು ಕಂಪೆನಿ ಹೇಳಿಕೊಂಡಿತು. 2024ರ ಹೊತ್ತಿಗೆ ಅದೇ ಕಂಪೆನಿ ನಿಜವಾದ ಆಟಗಾರರ ಹೊಡೆತಗಳ ದಾಖಲೆಗಳನ್ನೇ ಯಂತ್ರಕ್ಕೆ ಉಣಿಸಿ ಮುಖ ರೂಪಿಸತೊಡಗಿತು. ಯಂತ್ರದ ತೋಳು ಹೊಡೆಯುವ ಪರಿಪೂರ್ಣ ಹೊಡೆತಕ್ಕಲ್ಲ, ಮನುಷ್ಯ ಹೊಡೆಯುವ ಅಡ್ಡಾದಿಡ್ಡಿ ಹೊಡೆತಕ್ಕೆ ತಕ್ಕ ಮುಖ. ನನ್ನ ಮಟ್ಟಿಗೆ ಗಜದ ಜಾಹೀರಾತಿಗಿಂತ ಈ ಯೋಚನೆಯೇ ಹೆಚ್ಚು ಮಹತ್ವದ್ದು.

ಮೂರು ಆಯಾಮದ ಮುದ್ರಣವೂ ಬಂದಿದೆ. ಉಕ್ಕಿನ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ ಕೋಲಿನ ತಲೆ ಕಟ್ಟುವ ವಿಧಾನವಿದು. ಒಳಗೆ ಜೇನುಗೂಡಿನಂತೆ ಟೊಳ್ಳು ಬಿಡಬಹುದು, ಎರಕದಲ್ಲಿ ಅದು ಸಾಧ್ಯವಿಲ್ಲ. ಕೋಬ್ರಾ ಕಂಪೆನಿ 2024ರಲ್ಲಿ ಹೀಗೆ ಮಾಡಿದ ಐರನ್‌ಗಳ 500 ಸೆಟ್‌ಗಳನ್ನು ಮಾರಾಟಕ್ಕಿಟ್ಟಿತು. ಬೆಲೆ ಸೆಟ್‌ಗೆ 3,000 ಡಾಲರ್. ಇಂದು ದುಬಾರಿ ನಿಜ. ಆದರೆ ಮುದ್ರಣಕ್ಕೆ ಅಚ್ಚು ಬೇಡ, ಸಾವಿರ ತಲೆ ಒಂದೇ ಥರ ಇರಬೇಕಾಗಿಲ್ಲ. ದರ್ಜಿ ಅಳತೆ ತೆಗೆದು ಅಂಗಿ ಹೊಲಿದಂತೆ ಒಬ್ಬೊಬ್ಬರ ಹೊಡೆತಕ್ಕೆ ಒಂದೊಂದು ತಲೆ ಮಾಡುವ ದಿನಕ್ಕೆ ಇದು ದಾರಿ.

ಅಳತೆ ಎಂದರೆ ಏನೇನು?

ಆ ದಿನ ಬರುವ ಮೊದಲೇ ಅಳತೆಯ ಲಾಭ ಸಿಗುತ್ತದೆ. ಹೆಚ್ಚಿನ ಹವ್ಯಾಸಿಗಳು ಇದನ್ನೇ ಅಲಕ್ಷಿಸುತ್ತಾರೆ. ಮುಖದ ಓರೆಯನ್ನೇ ತೆಗೆದುಕೊಳ್ಳಿ. ಟಿವಿಯಲ್ಲಿ ಕಂಡ ಆಟಗಾರನಂತೆ 9 ಡಿಗ್ರಿಯ ಡ್ರೈವರ್ ಕೊಳ್ಳುವವರು ಬಹಳ. ಅದು ಬಿರುಸಾಗಿ ಬೀಸುವವರಿಗೆ. ಅರವತ್ತರ ಆಸುಪಾಸಿನಲ್ಲಿ ನಿಧಾನವಾಗಿ ಬೀಸುವವರಿಗೆ 12 ಡಿಗ್ರಿಯೇ ಚೆಂಡನ್ನು ಮೇಲೆತ್ತಿ ಹೆಚ್ಚು ದೂರ ಒಯ್ಯುತ್ತದೆ. ಕೋಲಿನ ದಂಡವೂ ಹಾಗೆಯೇ. ಉಕ್ಕಿನ ದಂಡ 120 ಗ್ರಾಂ ಸುಮಾರಿಗೆ ಇದ್ದರೆ ಗ್ರಾಫೈಟಿನದು 50-60 ಗ್ರಾಂಗೂ ಸಿಗುತ್ತದೆ. ಭುಜ ನೋವಿನವರಿಗೆ, ಮಹಿಳೆಯರಿಗೆ ಇದರಿಂದ ಆಗುವ ಉಪಕಾರ ಯಾವ ಕೃತಕ ಬುದ್ಧಿಯಿಂದಲೂ ಆಗದು. ಬೆರಳ ಗಂಟು ಬಿಗಿದವರಿಗೆ ಹಿಡಿಕೆ ಸ್ವಲ್ಪ ದಪ್ಪವಿರಬೇಕು. ಐರನ್ ನೆಲದ ಮೇಲೆ ಕೂರುವ ಕೋನ ತಪ್ಪಿ ಮೂತಿ ಮೇಲೆದ್ದರೆ, ಬಲಗೈ ಆಟಗಾರನ ಚೆಂಡು ಎಡಕ್ಕೆ ಎಳೆಯುತ್ತದೆ. ಆತ ವರ್ಷಗಟ್ಟಲೆ ತನ್ನ ಕೈಯನ್ನೇ ಬೈದುಕೊಳ್ಳುತ್ತಿರುತ್ತಾನೆ!

ಇದನ್ನೆಲ್ಲ ಅಳೆಯುವ ಯಂತ್ರಗಳು ಅಗ್ಗವಾಗುತ್ತಿವೆ ಎಂಬುದೇ ಮುಂದಿನ ದಿನಗಳ ನಿಜವಾದ ಸುದ್ದಿ. ಡೆನ್ಮಾರ್ಕಿನ ಟ್ರ್ಯಾಕ್‌ಮ್ಯಾನ್ ಕಂಪೆನಿ ಹುಟ್ಟಿದ್ದು 2003ರಲ್ಲಿ. ರಾಡಾರಿನಿಂದ ಚೆಂಡಿನ ವೇಗ, ಏರು, ಸುತ್ತು ಅಳೆಯುವ ಅದರ ಯಂತ್ರ ದೊಡ್ಡ ಆಟಗಾರರಿಗೆ, ತರಬೇತುದಾರರಿಗೆ ಮಾತ್ರ ಎಟುಕುವಂತಿತ್ತು. 2021ರಲ್ಲಿ ಗಾರ್ಮಿನ್ ಕಂಪೆನಿ ಅಂಗೈಯಗಲದ ಯಂತ್ರವನ್ನು ಸುಮಾರು 600 ಡಾಲರಿಗೆ ಕೊಟ್ಟಿತು. ಹಿಡಿಕೆಯ ತುದಿಗೆ ತಿರುಪಿ ಕೂರಿಸುವ ಸಂವೇದಕಗಳು ಪ್ರತಿ ಹೊಡೆತವನ್ನೂ ಮೊಬೈಲಿನಲ್ಲಿ ಬರೆದಿಡುತ್ತವೆ. ಒಮ್ಮೆ ಅದೃಷ್ಟದಿಂದ ಹೋದ 230 ಗಜವನ್ನಲ್ಲ, ದಿನನಿತ್ಯದ 180 ಗಜವನ್ನೇ ಅದು ಜಮಾ ಖಾತೆಯಲ್ಲಿ ತೋರಿಸುತ್ತದೆ. ಕೆಲವರಿಗೆ ಇದು ಹಿಡಿಸಲಿಕ್ಕಿಲ್ಲ.

ಇನ್ನೊಂದು ಲೆಕ್ಕ. 18 ಗುಂಡಿಗಳ ಆಟಕ್ಕೆ ಸಾಮಾನ್ಯವಾಗಿ 72 ಹೊಡೆತದ ಪಾರ್ ಎಂದಿಟ್ಟುಕೊಂಡರೆ, ಗುಂಡಿಗೆ ಎರಡರಂತೆ 36 ಹೊಡೆತ ಪಟರ್‌ನದೇ. ಆದರೂ ಹಣ ಸುರಿಯುವುದು ಡ್ರೈವರ್‌ಗೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದು ಒಂದೇ ಹೊಡೆತದಲ್ಲಿ ಪದಕದ ಪೈಪೋಟಿಯಿಂದ ತಪ್ಪಿಸಿಕೊಂಡದ್ದು ಎಲ್ಲರಿಗೂ ನೆನಪಿದೆ. ಅಲ್ಲಿದ್ದವರಲ್ಲಿ ಅವರ ಡ್ರೈವ್ ತೀರಾ ಗಿಡ್ಡ. ಜಗತ್ತಿನ ಘಟಾನುಘಟಿಗಳ ನಡುವೆ ಅವರನ್ನು ನಾಲ್ಕು ದಿನ ಎತ್ತಿ ನಿಲ್ಲಿಸಿದ್ದು ಪಟರ್.

ಈಗ ಬೆಲೆಯ ವಿಚಾರ. 2024ರಲ್ಲಿ ದೊಡ್ಡ ಕಂಪೆನಿಗಳ ಹೊಸ ಡ್ರೈವರ್ ಅಮೆರಿಕದಲ್ಲೇ 600 ಡಾಲರ್ ಆಸುಪಾಸಿನಲ್ಲಿತ್ತು. ಇಲ್ಲಿಗೆ ಬರುವಾಗ ಸುಂಕ, ಸಾಗಣೆ ಎಲ್ಲ ಸೇರುತ್ತದೆ. ಮರುವರ್ಷ ಹೊಸ ಮಾದರಿ ಬಂದೊಡನೆ ಹಳೆಯದರ ಬೆಲೆ ಕುಸಿಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಇಷ್ಟು ವೇಗದ ಸವಕಳಿ ಇರುವ ಆಸ್ತಿಯನ್ನು ಯಾರೂ ಹೊಸದಾಗಿ ಕೊಳ್ಳಬಾರದು. ಎರಡು ಮೂರು ವರ್ಷ ಹಳೆಯ ಒಳ್ಳೆಯ ಕೋಲನ್ನು ಗೊತ್ತಿರುವವರ ಮೂಲಕ ಕೊಂಡು, ಉಳಿದ ಹಣದಲ್ಲಿ ಅಳತೆ ಮಾಡಿಸಿ, ದಂಡ ಮತ್ತು ಹಿಡಿಕೆ ಬದಲಾಯಿಸಿಕೊಳ್ಳುವುದು ಜಾಣತನ. ಅಪರಿಚಿತರಿಂದ ಅಗ್ಗಕ್ಕೆ ಸಿಗುವುದರಲ್ಲಿ ನಕಲಿ ಮಾಲು ಇರುತ್ತದೆ, ಎಚ್ಚರ.

ಚೆಂಬೂರಿನ ಬಾಂಬೇ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬಿನ ನೆರೆಯ ಬಸ್ತಿಯಲ್ಲಿ ಕ್ಯಾಡಿ ಹುಡುಗರು ಕಟ್ಟಡದ ಕಬ್ಬಿಣದ ಸಲಾಕೆ ಬಗ್ಗಿಸಿ ಕೋಲು ಮಾಡಿಕೊಂಡು, ಪ್ಲಾಸ್ಟಿಕ್ ಚೆಂಡಿನಲ್ಲಿ ಓಣಿಗಳ ನಡುವೆ ಗಾಲ್ಫ್ ಆಡುವುದನ್ನು ಪತ್ರಿಕೆಗಳು ಬರೆದಿವೆ. ಸಲಾಕೆಯನ್ನು ತಮ್ಮ ಎತ್ತರಕ್ಕೆ ತಕ್ಕಂತೆ ಬಗ್ಗಿಸಿಕೊಳ್ಳುವ ಅವರು ಅಳತೆಯ ಶಾಸ್ತ್ರವನ್ನು ಯಾವ ಅಂಗಡಿಯಲ್ಲೂ ಕಲಿತವರಲ್ಲ. ನಮ್ಮವರ ಮನೆಗಳಲ್ಲಿ ಎರಡು ವರ್ಷಕ್ಕೊಮ್ಮೆ ಮೂಲೆ ಸೇರುವ ಐರನ್‌ಗಳು ಅಂಥ ಹುಡುಗರ ಕೈಗೆ ಹೋದರೆ ಬಹಳ ವರ್ಷ ಬಾಳುತ್ತವೆ. ಸಂಘಗಳ ಕ್ರೀಡಾ ವಿಭಾಗದವರು ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವೇನಲ್ಲ.

ನಿಯಮದವರು ಸುಮ್ಮನೆ ಕೂತಿಲ್ಲ. 2023ರ ಡಿಸೆಂಬರಿನಲ್ಲಿ ಆರ್ ಅಂಡ್ ಎ ಮತ್ತು ಅಮೆರಿಕದ ಯುಎಸ್‌ಜಿಎ ಸಂಸ್ಥೆಗಳು ಚೆಂಡಿನ ಪರೀಕ್ಷೆಯನ್ನು ಬಿಗಿ ಮಾಡುವ ತೀರ್ಮಾನ ಪ್ರಕಟಿಸಿದವು. ಹವ್ಯಾಸಿಗಳಿಗೆ ಅದು 2030ರಿಂದ ಎಂದು ಆಗ ಗೊತ್ತುಪಡಿಸಿದರು. ಅತಿ ದೂರ ಹೊಡೆಯುವ ವೃತ್ತಿಪರರಿಗೆ 13ರಿಂದ 15 ಗಜ ಕಡಿಮೆಯಾದೀತು, ಸಾಧಾರಣ ಹವ್ಯಾಸಿಗೆ 5 ಗಜ ಅಥವಾ ಅದಕ್ಕೂ ಕಡಿಮೆ ಎಂದು ಅವರದೇ ಅಂದಾಜು. ಡ್ರೈವರ್‌ಗಳ ಕ್ಷಮಾಗುಣದ ಮೇಲೂ ಕಣ್ಣಿಡುವುದಾಗಿ ಅದೇ ವೇಳೆ ಹೇಳಿದರು. ಚೆಂಡೇ ಐದು ಗಜ ಹಿಂದೆ ಬೀಳುವ ವರ್ಷದ ಜನವರಿಯಲ್ಲಿ ಡ್ರೈವರ್ ಕಂಪೆನಿಗಳು ಎಷ್ಟು ಗಜದ ಜಾಹೀರಾತು ಕೊಡುತ್ತವೆ ಎಂದು ನೋಡಲು ನಾನಂತೂ ಕಾಯುತ್ತಿದ್ದೇನೆ.