ಲೇಬಲ್ ಮೇಲಿನ 950 ಎಂದರೇನು?

ಮನೆಯಲ್ಲಿ ಡಯಟ್ ಕೋಲಾ ಅಥವಾ ‘ಶುಗರ್ ಫ್ರೀ’ ತಿನಿಸು ಇದ್ದರೆ ಒಮ್ಮೆ ಲೇಬಲ್ ತಿರುಗಿಸಿ ನೋಡಿ. ಸ್ವೀಟ್ನರ್ ಎಂಬ ಪದದ ಪಕ್ಕ 950 ಎಂಬ ಸಂಖ್ಯೆ ಇರಬಹುದು. 951 ಅಂದರೆ ಆಸ್ಪರ್ಟೇಮ್, ಅದರ ಹೆಸರು ಬಹಳ ಜನ ಕೇಳಿದ್ದಾರೆ. 950ರ ಹೆಸರು ಅಸಿಸಲ್ಫೇಮ್ ಪೊಟ್ಯಾಸಿಯಂ. ಎಷ್ಟೋ ಸಲ ಎರಡೂ ಒಟ್ಟಿಗೇ ಇರುತ್ತವೆ, ಆದರೆ ಇದನ್ನು ಗಮನಿಸುವವರು ಕಡಿಮೆ.

1967ರಲ್ಲಿ ಜರ್ಮನಿಯ ಹೋಕ್ಸ್ಟ್ ಕಂಪನಿಯ ರಸಾಯನಶಾಸ್ತ್ರಜ್ಞ ಕಾರ್ಲ್ ಕ್ಲಾಸ್ ಕಾಗದ ಎತ್ತಲು ಬೆರಳು ನೆಕ್ಕಿದಾಗ ನಾಲಿಗೆಗೆ ಸಿಹಿ ಹತ್ತಿತು. ಲ್ಯಾಬಿನಲ್ಲಿ ಬೆರಳು ನೆಕ್ಕುವುದು ಎಂಥ ಅಭ್ಯಾಸವೋ! ಹೀಗೆ ಸಿಕ್ಕ ಈ ಬಿಳಿ ಪುಡಿ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. ಗಂಧಕ, ಸಾರಜನಕ, ಆಮ್ಲಜನಕಗಳು ಸೇರಿದ ಪುಟ್ಟ ಉಂಗುರದಂಥ ಅಣು ಇದು. ದೇಹ ಇದನ್ನು ಒಡೆಯುವುದಿಲ್ಲ, ಮೂತ್ರದಲ್ಲಿ ಹಾಗೆಯೇ ಹೊರಹೋಗುತ್ತದೆ. ಆದ್ದರಿಂದ ಕ್ಯಾಲೊರಿ ಇಲ್ಲ. ಆಸ್ಪರ್ಟೇಮ್ ಕುದಿಸಿದರೆ ಸಿಹಿ ಕಳೆದುಕೊಳ್ಳುತ್ತದೆ, ಇದು ಒಲೆಯ ಬಿಸಿಗೂ ಜಗ್ಗುವುದಿಲ್ಲ.

ರುಚಿಯೇ ಇದರ ತೊಂದರೆ. ಸಿಹಿ ಬೇಗ ಹತ್ತುತ್ತದೆ, ಹಿಂದೆಯೇ ಒಂದು ಕಹಿ ಬರುತ್ತದೆ. ನಾಲಿಗೆಯಲ್ಲಿ ಕಹಿ ಗುರುತಿಸುವ ಕೆಲವು ಗ್ರಾಹಕಗಳನ್ನೂ ಇದು ತಟ್ಟುವುದೇ ಕಾರಣ. ಆ ಗ್ರಾಹಕಗಳು ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಥರ. ಅದಕ್ಕೇ ಒಂದೇ ಬಾಟಲಿ ಕುಡಿದು ಅಣ್ಣ ಚೆನ್ನಾಗಿದೆ ಅಂದರೆ ತಂಗಿ ಮುಖ ಸಿಂಡರಿಸುತ್ತಾಳೆ. ಇಬ್ಬರೂ ಹೇಳುವುದು ನಿಜವೇ. ಆಸ್ಪರ್ಟೇಮ್ ಬೆರೆಸಿದರೆ ಕಹಿ ಅಡಗುತ್ತದೆ, ಸಿಹಿಯೂ ಹೆಚ್ಚುತ್ತದೆ. ಕಂಪನಿಗಳು ಎರಡನ್ನೂ ಕೂಡಿಸುವ ಗುಟ್ಟು ಇದು.

ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂವರೆಗೆ ಸುರಕ್ಷಿತವೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ಹೇಳಿದೆ. ಆದರೆ ತೂಕ ಇಳಿಸಲು ಇಂಥ ಸ್ವೀಟ್ನರ್‌ಗಳನ್ನು ನಂಬಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿದೆ. ಆ ಸಲಹೆ ಈಗಾಗಲೇ ಮಧುಮೇಹ ಇರುವವರಿಗೆ ಅನ್ವಯಿಸುವುದಿಲ್ಲ.

ಮಧುಮೇಹ ಇರುವವರ ಮನೆಯವರು ಎರಡು ಸಂಗತಿ ತಿಳಿದಿರಬೇಕು. ಪುಣೆಯ ಅಂಗಡಿಯ ಪೂರನ್ ಪೋಳಿ ಇರಲಿ, ನಮ್ಮ ಹೋಳಿಗೆ ಇರಲಿ, ‘ಶುಗರ್ ಫ್ರೀ’ ಅಂದರೂ ಹಿಟ್ಟು, ಕಡಲೆಬೇಳೆ ಹಾಗೇ ಇರುತ್ತವೆ. ಅವು ರಕ್ತದ ಸಕ್ಕರೆ ಏರಿಸುತ್ತವೆ.

ಇನ್ನೊಂದು ಇದಕ್ಕಿಂತ ಮುಖ್ಯ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವ ಅಪ್ಪನಿಗೋ ಅಜ್ಜಿಗೋ ಸಕ್ಕರೆ ಕುಸಿದು ಬೆವರು, ನಡುಕ ಬಂದರೆ ಗಾಬರಿಯಲ್ಲಿ ಫ್ರಿಜ್‌ನಲ್ಲಿರುವ ಡಯಟ್ ಕೋಲಾ ಕೊಡಬೇಡಿ. ಬಾಯಿಗೆ ಸಿಹಿ, ರಕ್ತಕ್ಕೆ ಏನೂ ಇಲ್ಲ. ಮೂರು ಚಮಚ ನಿಜವಾದ ಸಕ್ಕರೆ ಅಥವಾ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಸಕ್ಕರೆ ಪರೀಕ್ಷಿಸಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.